ಮಹಡಿ ಮನೆಯ ದಿಗಿಲು



ಕೊರಿಯಾದ ನಿರ್ದೇಶಕ ಕಿಮ್ ಕಿ-ಯಂಗ್ ಅವರ ಚಿತ್ರಗಳ ಈ ಉತ್ಸವದ ಉದ್ಘಾಟನೆಗೆ ಕರೆದ ಚಿತ್ರಸಮಾಜದ ಗೆಳೆಯರಿಗೆ ಕೃತಜ್ಞತೆಗಳು. ನೀವು ಬಂದಿರುವುದು ಸಿನಿಮಾ ನೋಡಲು. ಹಾಗಾಗಿ ನಾಲ್ಕೇ ಮಾತು.

ಕಿಮ್ ಓದಿದ್ದು ದಂತವೈದ್ಯಕೀಯ, ಒಲಿದದ್ದು ಸಿನಿಮಾಕ್ಕೆ. ಕೊರಿಯಾ ಯುದ್ಧದ ದಿನಗಳಲ್ಲಿ ಅಮೆರಿಕದ ವಾರ್ತಾ ಸಂಸ್ಥೆಗೆ ಸುದ್ದಿಚಿತ್ರ ಮಾಡುತ್ತ ಕೈ ಪಳಗಿಸಿಕೊಂಡರು. 1955ರಲ್ಲಿ ಮೊದಲ ಕಥಾಚಿತ್ರ ಬಂತು. ಪತ್ನಿಯೂ ದಂತವೈದ್ಯೆ; ಆಕೆಯ ದುಡಿಮೆಯೇ ಗಂಡನ ಎಷ್ಟೋ ಚಿತ್ರಗಳಿಗೆ ಬಂಡವಾಳವಾಯಿತು.

ಇಂದಿನ ಚಿತ್ರ 1960ರ 'ದಿ ಹೌಸ್‌ಮೇಡ್'. ಗಂಡ ಸಂಗೀತದ ಮೇಷ್ಟ್ರು. ಹೆಂಡತಿ ಹಗಲಿರುಳು ಹೊಲಿದು, ಕಾಸಿಗೆ ಕಾಸು ಕೂಡಿಸಿ ಎರಡಂತಸ್ತಿನ ಮನೆ ಮಾಡಿಸುತ್ತಾಳೆ. ಮನೆಯೇನೋ ಎದ್ದಿತು, ಆಕೆಯ ಮೈ ಸೋತಿತು. ಕೆಲಸದ ಹುಡುಗಿ ಒಳಗೆ ಬಂದಳು. ಅಡುಗೆಮನೆಯ ಕಪಾಟಿನಲ್ಲಿ ಇಲಿಪಾಷಾಣದ ಶೀಶೆಯಿದೆ. ಅದನ್ನು ಒಮ್ಮೆ ತೋರಿಸಿದ ಮೇಲೆ, ಯಾರು ಯಾರಿಗೆ ಒಂದು ಲೋಟ ನೀರು ಕೊಟ್ಟರೂ ನಮ್ಮ ಎದೆ ಝಲ್ಲೆನ್ನುತ್ತದೆ. ಮೆಟ್ಟಿಲನ್ನೂ ಗಮನಿಸಿ: ಮನೆಯವರ ಅಂತಸ್ತೆಲ್ಲ ಅಲ್ಲೇ ಏರಿ, ಅಲ್ಲೇ ಉರುಳುತ್ತದೆ. ದೇಶವೇ ಹೊಸ ಬದುಕಿನ ಕನಸು ಕಾಣುತ್ತಿದ್ದಾಗ, ಆ ಕನಸನ್ನು ಕಳೆದುಕೊಳ್ಳುವ ದಿಗಿಲು ಸಭ್ಯರಿಂದ ಏನೆಲ್ಲ ಮಾಡಿಸುತ್ತದೆಂದು ಕಿಮ್ ತೋರಿಸಿದರು.

ಆ ದಿಗಿಲು ಅವರನ್ನು ಬಿಡಲೇ ಇಲ್ಲ. ಇದೇ ಕಥೆಯನ್ನು 1971ರಲ್ಲಿ, ಮತ್ತೆ 1982ರಲ್ಲಿ ಹೊಸದಾಗಿ ತೆಗೆದರು. 1971ರ ಚಿತ್ರದಿಂದ ಬೆಳ್ಳಿತೆರೆಗೆ ಬಂದ ನಟಿ ಯುನ್ ಯೊ-ಜಾಂಗ್, 2021ರಲ್ಲಿ ಆಸ್ಕರ್ ಪಡೆದಾಗ ವೇದಿಕೆಯಲ್ಲೇ ತಮ್ಮ ಮೊದಲ ನಿರ್ದೇಶಕರನ್ನು ನೆನೆದರು. 'ಪ್ಯಾರಾಸೈಟ್' ನಿರ್ದೇಶಕ ಬಾಂಗ್ ಜೂನ್-ಹೊ ಕೂಡ 'ದಿ ಹೌಸ್‌ಮೇಡ್'ನ ಮೆಟ್ಟಿಲಿನ ಋಣವನ್ನು ಒಪ್ಪಿಕೊಂಡವರೇ.

ಆದರೆ ಎಂಬತ್ತರ ದಶಕದ ಹೊತ್ತಿಗೆ ಕಿಮ್ ಮೂಲೆಗುಂಪಾಗಿದ್ದರು. 1997ರ ಬುಸಾನ್ ಚಿತ್ರೋತ್ಸವ ಅವರನ್ನು ಮತ್ತೆ ಬೆಳಕಿಗೆ ತಂದಿತು. ಮರುವರ್ಷ ಬರ್ಲಿನ್ ಚಿತ್ರೋತ್ಸವ ಕರೆಯಿತು. ಹೊರಡುವ ಮೊದಲೇ, ಫೆಬ್ರುವರಿಯಲ್ಲಿ, ಮನೆಗೆ ಬೆಂಕಿ ಬಿದ್ದು ದಂಪತಿ ತೀರಿಕೊಂಡರು.

ಇಂದಿನ ಚಿತ್ರವೂ ಪೂರ್ತಿ ಉಳಿದಿರಲಿಲ್ಲ. ಮೂಲ ನೆಗೆಟಿವ್‌ನ ಎರಡು ರೀಲು ಕಳೆದುಹೋಗಿದ್ದವು. ಆ ಭಾಗ ಸಿಕ್ಕಿದ್ದು ಕೈಬರಹದ ಇಂಗ್ಲಿಷ್ ಸಬ್‌ಟೈಟಲ್ ಹೊತ್ತ ಹಳೆಯ ಪ್ರಿಂಟಿನಲ್ಲಿ. ಕೊರಿಯಾದ ಚಿತ್ರಭಂಡಾರವೂ ಅಮೆರಿಕದ ನಿರ್ದೇಶಕ ಮಾರ್ಟಿನ್ ಸ್ಕಾರ್ಸೆಸೆ ಕಟ್ಟಿದ ಪ್ರತಿಷ್ಠಾನವೂ ಸೇರಿ ಆ ಅಕ್ಷರಗಳನ್ನು ಅಳಿಸಿ, 2008ರಲ್ಲಿ ಚಿತ್ರಕ್ಕೆ ಮರುಜೀವ ಕೊಟ್ಟವು. ನಡುವೆ ಬಿಂಬ ಮಸುಕಾದರೆ ಪ್ರೊಜೆಕ್ಟರಿನವರನ್ನು ಬೈಯಬೇಡಿ. ಡಬ್ಬಿಗಳನ್ನು ಜೋಪಾನ ಮಾಡದ ಕಾಲದ ಗಾಯವದು. ಸಿನಿಮಾ ಮಾಡುವವರಷ್ಟೇ ಅದನ್ನು ಕಾಪಿಡುವವರೂ ಮುಖ್ಯವೆಂಬ ಮಾತಿಗೆ ಬೇರೆ ಸಾಕ್ಷಿ ಬೇಕಿಲ್ಲ.

ಉತ್ಸವ ಉದ್ಘಾಟನೆಯಾಗಿದೆಯೆಂದು ಸಂತೋಷದಿಂದ ಘೋಷಿಸುತ್ತೇನೆ. ಎಲ್ಲ ಚಿತ್ರಗಳನ್ನೂ ನೋಡಿ, ಚರ್ಚಿಸಿ, ಜಗಳವನ್ನೂ ಆಡಿ.