ಜೋಡಿ ಎಂಜಿನ್ ಯಾಕೆ ಜಗಳ ಆಡ್ತವೆ?

ಈ ವಾರ ಆಟಿಕೆ ರೈಲಿನ ವಿಷಯ. ಆಟಿಕೆ ಅಂದ್ರೆ ಕೆಲವರಿಗೆ ಸಿಟ್ಟು ಬರುತ್ತೆ, ಅದಕ್ಕೆ ಮಾಡೆಲ್ ರೈಲು ಅನ್ನೋಣ. ಕೆ.ಆರ್.ಪೇಟೆ ಕಡೆಯ ಕೇಳುಗರೊಬ್ಬರು ವಾಯ್ಸ್ ಮೆಸೇಜ್ ಕಳಿಸಿದ್ರು. ಅವರ ಹತ್ರ ಎರಡು ಎಂಜಿನ್ ಇದೆ, ಎರಡೂ ಬೇರೆ ಬೇರೆ ಕಂಪನಿಯವು. ಒಂದೊಂದೇ ಓಡಿಸಿದ್ರೆ ಚೆನ್ನಾಗಿ ಓಡ್ತವೆ. ಜೋಡಿಸಿ ಏರು ಹತ್ತಿಸಿದ್ರೆ ಚಕ್ರ ಜಾರುತ್ತೆ, ತಿರುವಿನಲ್ಲಿ ಬೋಗಿ ಬೀಳುತ್ತೆ. 'ಇನ್ನೂ ಪವರ್ ಇರೋ ಮೂರನೇ ಎಂಜಿನ್ ತಗೊಳ್ಲಾ?' ಅಂತ ಕೇಳಿದ್ದಾರೆ. ನನ್ನ ಉತ್ತರ: ಬೇಡ ಸಾರ್, ದುಡ್ಡು ಉಳಿಸ್ಕೊಳ್ಳಿ.

ಯಾಕೆ ಅಂತ ಹೇಳೋಕೆ ಮೊದಲು ನಿಜವಾದ ರೈಲು ನೋಡೋಣ. ಹೇಮಗಿರಿ ಹತ್ರದ ಮಂದಗೆರೆ ಸ್ಟೇಷನ್ ದಾಟಿ ಹಾಸನದ ಕಡೆ ಹೋಗೋ ಹಳಿಯನ್ನೇ ಹಿಡಿದು ಹೊರಟ್ರೆ ಸಕಲೇಶಪುರ ಸಿಗುತ್ತೆ. ಅಲ್ಲಿಂದ ಸುಬ್ರಹ್ಮಣ್ಯ ರೋಡ್‌ವರೆಗೆ ಸುಮಾರು 55 ಕಿಲೋಮೀಟರ್ ಘಾಟಿ, 57 ಸುರಂಗ. ಏರು 50ಕ್ಕೆ 1, ಅಂದ್ರೆ 50 ಮೀಟರ್ ಮುಂದೆ ಹೋದ್ರೆ 1 ಮೀಟರ್ ಮೇಲಕ್ಕೆ. ಕೇಳೋಕೆ ಏನೂ ಅಲ್ಲ ಅನ್ಸುತ್ತೆ, ಆದ್ರೆ ಕಬ್ಬಿಣದ ಹಳಿ ಮೇಲೆ ಕಬ್ಬಿಣದ ಚಕ್ರಕ್ಕೆ ಅದು ಬೆಟ್ಟವೇ. ಗೋವಾ ಕಡೆಯಿಂದ ಕ್ಯಾಸಲ್‌ರಾಕ್‌ಗೆ ಹತ್ತೋ ದಾರಿ ಇನ್ನೂ ಕಡಿದು, 37ಕ್ಕೆ 1. ಈ ಘಾಟಿಗಳಲ್ಲಿ ಗಾಡಿಗೆ ಮುಂದೆ ಎಳೆಯೋ ಎಂಜಿನ್ ಸಾಲದೆ ಹಿಂದಿನಿಂದಲೂ ಎಂಜಿನ್ ತಳ್ಳುತ್ತವೆ. ಅದಕ್ಕೆ ಬ್ಯಾಂಕರ್ ಅಂತಾರೆ. (ನಾನು ಬಿ.ಕಾಂ. ಓದಿದವನು, ಬ್ಯಾಂಕರ್ ಅಂದ್ರೆ ಸಾಲ ಕೊಡೋರು ಅಂತಲೇ ಬಹಳ ದಿನ ಅಂದ್ಕೊಂಡಿದ್ದೆ.)

ಎಲ್ಲಾ ಎಂಜಿನ್ ಮುಂದೇ ಯಾಕೆ ಹಾಕಲ್ಲ? ಹಾಕಿದ್ರೆ ಇಡೀ ಗಾಡಿಯ ಭಾರ ಮೊದಲ ಬೋಗಿಯ ಕೊಂಡಿ ಮೇಲೆ ಬೀಳುತ್ತೆ. ಕೊಂಡಿ ಕಿತ್ರೆ ಇಳಿಜಾರಿನಲ್ಲಿ ಹಿಂದಿನ ಬೋಗಿಗಳ ಕತೆ ಏನಾಗುತ್ತೆ, ನೀವೇ ಯೋಚಿಸಿ. ಮುಂದಿನ ಎಂಜಿನ್‌ಗಳನ್ನ ಜಂಪರ್ ಕೇಬಲ್‌ನಿಂದ ಜೋಡಿಸಿದ್ರೆ ಒಬ್ಬರೇ ಲೋಕೋ ಪೈಲಟ್ ಎಲ್ಲವನ್ನೂ ಓಡಿಸಬಹುದು. ಒಂದೇ ಕಡೆಯಿಂದ ಹಲವು ಮೋಟಾರು ಆಳೋ ಈ ಐಡಿಯಾವನ್ನ 1897ರಲ್ಲಿ ಶಿಕಾಗೋದ ನಗರ ರೈಲಿನಲ್ಲಿ ಮಾಡಿ ತೋರಿಸಿದ್ದು ಫ್ರಾಂಕ್ ಸ್ಪ್ರಾಗ್. ಹಿಂದಿನ ಬ್ಯಾಂಕರ್‌ಗೆ ಮಾತ್ರ ಬೇರೆ ಪೈಲಟ್, ಮುಂದಿನವರ ಜೊತೆ ವಾಕಿಟಾಕಿಯಲ್ಲಿ ಮಾತು.

ಈಗ ಮುಖ್ಯ ಗುಟ್ಟು. ನಿಜವಾದ ಡೀಸೆಲ್ ಎಂಜಿನ್‌ನಲ್ಲಿ ಪೈಲಟ್ ಹ್ಯಾಂಡಲ್‌ನ ನಾಚ್ ತಿರುಗಿಸಿದಾಗ ಅವರು ಕೇಳ್ತಿರೋದು ವೇಗ ಅಲ್ಲ, ಶಕ್ತಿ. ವೇಗ ಎಷ್ಟು ಅನ್ನೋದನ್ನ ಭಾರ ಮತ್ತು ಏರು ತೀರ್ಮಾನ ಮಾಡ್ತವೆ. ಹಾಗಾಗಿ ಎರಡು ಬೇರೆ ತರದ ಎಂಜಿನ್ ಜೋಡಿಸಿದ್ರೂ ಒಂದು ಹೆಚ್ಚು ಎಳೆಯುತ್ತೆ, ಒಂದು ಕಡಿಮೆ, ಆದ್ರೆ ಒಂದಕ್ಕೊಂದು ಅಡ್ಡ ಬರಲ್ಲ.

ಮಾಡೆಲ್‌ನಲ್ಲಿ ಇದು ಪೂರ್ತಿ ಉಲ್ಟಾ. ನಾವು ನಾಬ್ ತಿರುಗಿಸಿದಾಗ ಕೇಳೋದು ವೇಗವನ್ನೇ. ಜೊತೆಗೆ ಒಳಗಿರೋದು ವರ್ಮ್ ಗೇರ್: ಮೋಟಾರು ಚಕ್ರ ತಿರುಗಿಸುತ್ತೆ, ಚಕ್ರ ಮೋಟಾರನ್ನ ತಿರುಗಿಸೋಕೆ ಆಗಲ್ಲ. ಎಂಜಿನ್ ಆಫ್ ಮಾಡಿ ಕೈಲಿ ತಳ್ಳಿ ನೋಡಿ, ಚಕ್ರ ಉರುಳಲ್ಲ, ಉಜ್ಜಿಕೊಂಡು ಹೋಗುತ್ತೆ. ಹಾಗಾಗಿ ಜೋಡಿಯಲ್ಲಿ ನಿಧಾನದ ಎಂಜಿನ್ ಸಹಾಯ ಮಾಡೋದಿರಲಿ, ಬ್ರೇಕ್ ಆಗ್ಬಿಡುತ್ತೆ. ವೇಗದ್ದು ಅದನ್ನ ಎಳೆದಾಡಿ ಚಕ್ರ ಜಾರಿಸುತ್ತೆ. ಆ ಕೇಳುಗರ ಎಂಜಿನ್‌ಗಳಿಗೆ ಶಕ್ತಿ ಕಡಿಮೆ ಆಗಿಲ್ಲ, ಒಂದರ ಶಕ್ತಿಯನ್ನ ಇನ್ನೊಂದು ತಿಂತಾ ಇದೆ.

ಹೇಮಗಿರಿ ದನಗಳ ಜಾತ್ರೆಗೆ ಹೋದವರಿಗೆ ಇದು ಹೊಸದಲ್ಲ. ಎತ್ತು ಕೊಳ್ಳೋಕೆ ಬಂದ ರೈತರು ಒಂಟಿ ಎತ್ತಿನ ಬಲ ನೋಡಿ ಸುಮ್ಮನಾಗಲ್ಲ, ಜೋಡಿಯನ್ನ ನಡೆಸಿ ನೋಡ್ತಾರೆ. ಎತ್ತರ, ಹೆಜ್ಜೆ ಎರಡೂ ಹೊಂದಬೇಕು. ಒಂದು ಮುಂದೆ ನುಗ್ಗಿ ಒಂದು ಹಿಂದೆ ಬಿದ್ರೆ ನೊಗ ಓರೆ ಆಗುತ್ತೆ, ಕಬ್ಬಿನ ಗಾಡಿ ಗದ್ದೆಯಿಂದ ಆಚೆಗೇ ಬರಲ್ಲ.

ಹೆಜ್ಜೆ ಹೊಂದಿಸೋದು ಹೇಗೆ? ಹಳೇ 12 ವೋಲ್ಟ್ ಡಿಸಿ ಕಂಟ್ರೋಲರ್ ಆದ್ರೆ ಹೆಚ್ಚೇನೂ ಮಾಡೋಕಾಗಲ್ಲ. ಎರಡಕ್ಕೂ ಒಂದೇ ವೋಲ್ಟೇಜ್ ಹೋಗುತ್ತೆ, ಹಾಗಾಗಿ ಒಂದೇ ಕಂಪನಿಯ ಒಂದೇ ಮಾಡೆಲ್ ಇಟ್ಕೊಳ್ಳೋದೇ ದಾರಿ. ಡಿಸಿಸಿ ಆದ್ರೆ ಪ್ರತಿ ಎಂಜಿನ್ ಒಳಗೆ ಡಿಕೋಡರ್ ಅನ್ನೋ ಪುಟ್ಟ ಚಿಪ್ ಇರುತ್ತೆ, ಅದರ ಸೆಟ್ಟಿಂಗ್‌ಗಳಿಗೆ ಸಿವಿ ಅಂತಾರೆ. ಮೊದಲು ಎರಡೂ ಎಂಜಿನ್‌ನ ಹತ್ತು ನಿಮಿಷ ಓಡಿಸಿ ಬಿಸಿ ಮಾಡಿ. ಆಮೇಲೆ ಕೊಂಡಿ ಹಾಕದೆ, ಒಂದೇ ಸುತ್ತಿನ ಹಳಿ ಮೇಲೆ ಎದುರುಬದುರು ಮೂಲೆಯಲ್ಲಿಟ್ಟು, ಒಂದೇ ದಿಕ್ಕಿಗೆ ಒಂದೇ ಸ್ಪೀಡ್ ಸ್ಟೆಪ್‌ನಲ್ಲಿ ಬಿಡಿ. ನಡುವಿನ ಅಂತರ ಕಮ್ಮಿ ಆಗ್ತಾ ಬಂದ್ರೆ ಯಾವುದು ಅವಸರದ್ದು ಅಂತ ಗೊತ್ತಾಗುತ್ತೆ. ಆ ಅವಸರದ್ದನ್ನೇ ಇಳಿಸಬೇಕು. ನಿಧಾನದ್ದನ್ನ ಅದರ ಮಿತಿಗಿಂತ ಜೋರು ಮಾಡೋಕಾಗಲ್ಲ. ಸಿವಿ 2 ಹೊರಡೋ ವೇಗ, ಸಿವಿ 6 ಮಧ್ಯದ್ದು, ಸಿವಿ 5 ಗರಿಷ್ಠ. ಮೂರನ್ನೂ ಹೊಂದಿಸಿ. ಹಾಗೇ ಸಿವಿ 3 ಮತ್ತು 4, ಅಂದ್ರೆ ವೇಗ ಏರೋ ಇಳಿಯೋ ರೀತಿ, ಎರಡರಲ್ಲೂ ಒಂದೇ ಇರಲಿ. ಬೇಸರದ ಕೆಲಸ, ಒಂದು ಭಾನುವಾರ ಪೂರ್ತಿ ಹೋಗುತ್ತೆ. ಆದ್ರೆ ಖರ್ಚು ಸೊನ್ನೆ.

ಕೊನೆಗೆ ಎರಡಕ್ಕೂ ಸಿವಿ 19ರಲ್ಲಿ ಒಂದೇ ಜೋಡಿ ನಂಬರ್ ಕೊಡಿ, 10 ಅಂತ ಇಟ್ಕೊಳ್ಳಿ. ಒಂದು ಎಂಜಿನ್ ಹಿಂದುಮುಂದಾಗಿ ನಿಂತಿದ್ರೆ ಅದಕ್ಕೆ 128 ಸೇರಿಸಿ 138 ಅಂತ ಬರೀಬೇಕು. ಇಲ್ಲಾಂದ್ರೆ ಹಗ್ಗ ಜಗ್ಗಾಟ ಶುರು.

ಬೋಗಿ ತಿರುವಿನ ಯಾವ ಕಡೆಗೆ ಬೀಳ್ತಿದೆ ಅನ್ನೋದನ್ನೂ ಗಮನಿಸಿ. ಒಳಗಡೆಗೆ ಬಿದ್ರೆ ಮುಂದಿನ ಎಳೆತ ಜಾಸ್ತಿ. ಹೊರಗಡೆಗೆ ಬಿದ್ರೆ ಹಿಂದಿನಿಂದ ತಳ್ಳೋದು ಜಾಸ್ತಿ. ಬ್ಯಾಂಕರ್ ಹಾಕೋ ಆಸೆ ಇದ್ರೆ ಅದನ್ನ ಮುಂದಿನದಕ್ಕಿಂತ ಕೂದಲೆಳೆಯಷ್ಟು ನಿಧಾನ ಇಡಿ, ಖಾಲಿ ಹಗುರ ಬೋಗಿಗಳನ್ನ ಅದರ ಮುಂದೆ ಜೋಡಿಸಬೇಡಿ.

ಇನ್ನು ಏರು. ಒಂದು ಹಳಿ ಇನ್ನೊಂದರ ಮೇಲೆ ದಾಟೋಕೆ ಸಾಮಾನ್ಯ ಎಚ್ಒ ಅಳತೆಯಲ್ಲಿ ಸುಮಾರು 7 ಸೆಂಟಿಮೀಟರ್ ಎತ್ತರ ಬೇಕು. ಸಕಲೇಶಪುರದ ಲೆಕ್ಕದಲ್ಲಿ, 50ಕ್ಕೆ 1ರಂತೆ, ಅದಕ್ಕೆ ಮೂರೂವರೆ ಮೀಟರ್ ಉದ್ದದ ಹಳಿ ಆಯ್ತು. ಬಾಡಿಗೆ ಮನೆಯ ರೂಮಿನಲ್ಲಿ ಅಷ್ಟು ಜಾಗ ಇಲ್ಲ ಅಂತ ಕಡಿದಾಗಿ ಏರಿಸ್ತೀರಿ, ತಿರುವನ್ನೂ ಅಲ್ಲೇ ಇಡ್ತೀರಿ. ಮೊದಲು ಟೇಪ್ ಹಿಡಿದು ಆ ಜಾಗ ಅಳೆದು, ವಿಡಿಯೋ ಜೊತೆ ನನಗೆ ಕಳಿಸಿ, ಮುಂದಿನ ವಾರ ನೋಡೋಣ.