ಪಂಚಾಯಿತಿಗೆ ಬರುವ ವಿದ್ಯಾವಂತರು ಯಾರ ಶಿಷ್ಯರು?

(ಕೊಡಂಬಲದಲ್ಲಿ ಕಾರ್ಮಿಕರು ಮತ್ತು ಚಿಲ್ಲರೆ ವ್ಯಾಪಾರಸ್ಥರು ಕೂಡಿದ್ದ ಸಭೆಯಲ್ಲಿ ಮಾಡಿದ ಭಾಷಣ)

ಕೊಡಂಬಲದ ಹಿರಿಯರೆ, ತಾಯಂದಿರೆ, ಹುಮನಾಬಾದಿನ ಕಾರ್ಖಾನೆಗಳಲ್ಲಿ ಪಾಳಿ ಮುಗಿಸಿ ನೇರವಾಗಿ ಇಲ್ಲಿಗೆ ಬಂದಿರುವ ಸಂಗಾತಿಗಳೆ, ಅಂಗಡಿಯ ಬಾಗಿಲೆಳೆದು ಬಂದಿರುವ ವ್ಯಾಪಾರಿ ಬಂಧುಗಳೆ,

ಇಂದು ನಾವು ಎತ್ತಿಕೊಂಡಿರುವ ವಿಷಯ ಮೊದಲು ಕೇಳಿದಾಗ ನಿಮಗೆ ದೂರದ್ದೆನಿಸೀತು. 'ಸಾರ್ವಜನಿಕ ನೀತಿ' ಎಂಬ ಹೊಸ ಶಾಸ್ತ್ರವನ್ನು ಎಂ.ಎ. ಮಟ್ಟದಲ್ಲಿ ಓದುವ ಹುಡುಗ ಹುಡುಗಿಯರು ಪಂಚಾಯಿತಿ, ಮುನಸಿಪಾಲಿಟಿಗಳಲ್ಲಿ ಕೆಲವು ವಾರವೋ ಕೆಲವು ತಿಂಗಳೋ ಕುಳಿತು ಕೆಲಸ ಕಲಿಯುವ ಪದ್ಧತಿ ಬಂದಿದೆ. ಇದಕ್ಕೆ ಇಂಟರ್ನ್‌ಷಿಪ್ ಎನ್ನುತ್ತಾರೆ. ಓದು ಮುಗಿಸಿದವರು ಒಂದೆರಡು ವರ್ಷ ಇರುವುದಾದರೆ ಫೆಲೋಷಿಪ್ ಎನ್ನುತ್ತಾರೆ. ಅದಕ್ಕೂ ನಮ್ಮ ರೊಟ್ಟಿಗೂ ಏನು ಸಂಬಂಧ ಎಂದು ನೀವು ಕೇಳಬಹುದು. ಸಂಬಂಧವಿದೆ. ಅವರು ಕಲಿಯುವುದು ನಮ್ಮ ಮನೆ ತೆರಿಗೆಯ ವಹಿಯ ಮೇಲೆ, ನಮ್ಮ ನಲ್ಲಿಯ ಮೇಲೆ, ನಮ್ಮ ಸಂತೆಯ ಸುಂಕದ ಮೇಲೆ. ಕ್ಷೌರಿಕನ ಶಿಷ್ಯ ಯಾರ ತಲೆಯ ಮೇಲೆ ಕೈ ಪಳಗಿಸಿಕೊಳ್ಳುತ್ತಾನೋ ಆ ತಲೆಯವನಿಗೆ ಒಂದು ಮಾತು ಹೇಳುವ ಹಕ್ಕು ಇದ್ದೇ ಇದೆ.

ನಿಜಾಮನ ಕಾಲದ ದಫ್ತರಗಳ ಕಥೆ ಕೇಳಿದವರಿಗೆ 'ಉಮೇದುವಾರ' ಎಂಬ ಮಾತು ಗೊತ್ತಿರುತ್ತದೆ. ಕಚೇರಿಯಲ್ಲಿ ಸಂಬಳವಿಲ್ಲದೆ ಕಾಗದ ನಕಲು ಮಾಡುತ್ತ, ಇಂದಲ್ಲ ನಾಳೆ ನೌಕರಿ ಕಾಯಮ್ಮಾದೀತೆಂದು ಕಾಯುತ್ತಿದ್ದ ಹುಡುಗನೇ ಉಮೇದುವಾರ. ಮನೆಯಲ್ಲಿ ಹೊಲವಿದ್ದವನು ಹಾಗೆ ಕಾಯಬಲ್ಲ. ಕೂಲಿಯವನ ಮಗ ಕಾಯಲಾರ. ಮೇಲಾಗಿ ದಫ್ತರದ ಭಾಷೆ ಉರ್ದು. ಹಳ್ಳಿಯ ಕನ್ನಡದವನು ಬಾಗಿಲಲ್ಲೇ ನಿಲ್ಲಬೇಕು. ಹೀಗೆ ಯಾರೂ ಕಾನೂನು ಬರೆಯದೆಯೇ ಕುರ್ಚಿ ಉಳ್ಳವರ ಮನೆಗೆ ತಾನಾಗಿ ನಡೆದು ಹೋಗುತ್ತಿತ್ತು. 1948ರಲ್ಲಿ ನಿಜಾಮಶಾಹಿ ಮುಗಿಯಿತು, 1956ರಲ್ಲಿ ಬೀದರ ಕನ್ನಡ ನಾಡನ್ನು ಸೇರಿತು. ಉಮೇದುವಾರಿ ಮುಗಿಯಿತೇ, ಅಥವಾ ಇಂಗ್ಲಿಷಿನ ಅಂಗಿ ತೊಟ್ಟು ಮತ್ತೆ ಬಂದಿದೆಯೇ? ಇದೇ ನಮ್ಮ ಪ್ರಶ್ನೆ.

ಈ ಪದ್ಧತಿ ಎಲ್ಲಿ ಹುಟ್ಟಿತೆಂದು ನೋಡಿದರೆ ಒಂದು ತಮಾಷೆಯಿದೆ. ಅಮೆರಿಕದ ನ್ಯೂಯಾರ್ಕ್ ನಗರದಲ್ಲಿ 1911ರಲ್ಲಿ ಸಾರ್ವಜನಿಕ ಸೇವೆಗೆ ತರಬೇತಿ ಕೊಡುವ ಒಂದು ಶಾಲೆ ಶುರುವಾಯಿತು. ನಗರದ ಆಡಳಿತವನ್ನು ಪುಸ್ತಕದಿಂದಲ್ಲ, ನಗರದ ಲೆಕ್ಕಪತ್ರಗಳಿಂದಲೇ ಕಲಿಸಬೇಕೆಂಬುದು ಅದರ ತತ್ತ್ವ. 1924ರಲ್ಲಿ ಅದು ಸಿರಾಕ್ಯೂಸ್ ವಿಶ್ವವಿದ್ಯಾಲಯದ ಮ್ಯಾಕ್ಸ್‌ವೆಲ್ ಶಾಲೆಯ ಬುನಾದಿಯಾಯಿತು. ಅದಕ್ಕೆ ಮೊದಲು ಹಣ ಕೊಟ್ಟವರು ರೈಲ್ವೆ ಕುಬೇರ ಹ್ಯಾರಿಮನ್ನನ ವಿಧವೆ. ಬಂಡವಾಳಗಾರರ ಹಣದಿಂದ ಹುಟ್ಟಿತೆಂದು ಆ ವಿದ್ಯೆಯನ್ನು ನಾವು ತಳ್ಳಿಹಾಕುವುದಿಲ್ಲ. ರೈಲಿನಲ್ಲಿ ನಾವೂ ಕೂಡುತ್ತೇವಲ್ಲ!

ನಮ್ಮ ದೇಶದಲ್ಲಿ ಕೇಂದ್ರ ಸರ್ಕಾರವು 2020ರ ಜೂನಿನಲ್ಲಿ 'ಟ್ಯೂಲಿಪ್' ಎಂಬ ಯೋಜನೆಯನ್ನು ಹೂಡಿತು. ಹೊಸ ಪದವೀಧರರು ನಗರಸಭೆ, ಪುರಸಭೆಗಳಲ್ಲಿ ಕೆಲಸ ಕಲಿಯಲಿ ಎಂಬುದು ಉದ್ದೇಶ. ಅದೇ ವರ್ಷ ಮಹಾತ್ಮ ಗಾಂಧಿ ರಾಷ್ಟ್ರೀಯ ಫೆಲೋಷಿಪ್ ಬಂತು; ಬೆಂಗಳೂರಿನ ಐ.ಐ.ಎಂ. ಪಾಠ ಹೇಳುವುದು, ಶಿಷ್ಯರು ಜಿಲ್ಲಾ ಕೇಂದ್ರಗಳಲ್ಲಿ ದುಡಿಯುವುದು. ನಮ್ಮ ರಾಜ್ಯ ಸರ್ಕಾರ 2023ರಲ್ಲಿ ಕಲ್ಯಾಣ ಕರ್ನಾಟಕದ ತಾಲ್ಲೂಕುಗಳಿಗಾಗಿ ರಾಜೀವ್ ಗಾಂಧಿ ಪಂಚಾಯತ್ ರಾಜ್ ಫೆಲೋಷಿಪ್ಪಿಗೆ ಸ್ನಾತಕೋತ್ತರ ಪದವೀಧರರಿಂದ ಅರ್ಜಿ ಕರೆಯಿತು. ಬೆಂಗಳೂರಿನ ನ್ಯಾಷನಲ್ ಲಾ ಸ್ಕೂಲಿನಲ್ಲಿ 2014ರಿಂದ ಸಾರ್ವಜನಿಕ ನೀತಿಯ ಸ್ನಾತಕೋತ್ತರ ತರಗತಿ ನಡೆಯುತ್ತಿದೆ. ಗದಗಿನಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್‌ಗೆಂದೇ ಒಂದು ವಿಶ್ವವಿದ್ಯಾಲಯವಿದೆ. ಅಂದರೆ ಮಕ್ಕಳು ಬರುವವರೇ. ಬಂದವರನ್ನು ಎಲ್ಲಿ ಕೂರಿಸುತ್ತೀರಿ, ಯಾರಿಗೆ ಉತ್ತರ ಹೇಳಿಸುತ್ತೀರಿ ಎಂಬುದು ಮುಖ್ಯ.

ಪಂಚಾಯಿತಿಗೆ ಕೈಗಳು ಬೇಕಾಗಿರುವುದು ನಿಜ. ಸಮಾಜವಾದಿ ನಾಯಕ ಅಶೋಕ ಮೆಹತಾರ ಸಮಿತಿ 1978ರಲ್ಲಿ ವರದಿ ಕೊಟ್ಟಿತು. ಅದರ ಮಾತನ್ನು ಮನಸ್ಸಿಗೆ ತೆಗೆದುಕೊಂಡು ಕಾನೂನು ಮಾಡಿದ ರಾಜ್ಯ ನಮ್ಮದು. ಹೆಗಡೆಯವರ ಸರ್ಕಾರದಲ್ಲಿ ಅಬ್ದುಲ್ ನಜೀರ್ ಸಾಬರು 1983ರ ಕಾಯಿದೆ ತಂದರು, 1987ರಲ್ಲಿ ಚುನಾವಣೆಯಾಯಿತು, ಹಳ್ಳಿಯ ಹೆಣ್ಣುಮಕ್ಕಳು ನೂರಕ್ಕೆ 25ರಂತೆ ಕುರ್ಚಿ ಹತ್ತಿದರು. ಊರೂರಿಗೆ ಕೊಳವೆಬಾವಿ ತೋಡಿಸಿದ ಅವರನ್ನು ಜನ 'ನೀರ್ ಸಾಬ್' ಎಂದೇ ಕರೆದರು. ಆಮೇಲೆ ಸಂವಿಧಾನದ 73ನೆಯ ತಿದ್ದುಪಡಿ ಬಂದು 29 ವಿಷಯಗಳ ಪಟ್ಟಿಯನ್ನು ಪಂಚಾಯಿತಿಗಳ ಮುಂದಿಟ್ಟಿತು. ಪಟ್ಟಿ ಉದ್ದವಾಯಿತು, ಅದನ್ನು ಹೊರುವ ಹೆಗಲು ಹೆಚ್ಚಲಿಲ್ಲ. ಒಬ್ಬ ಅಭಿವೃದ್ಧಿ ಅಧಿಕಾರಿ, ಒಬ್ಬ ಕರ ವಸೂಲಿಗಾರ, ಗಣಕಯಂತ್ರದ ಮುಂದೆ ಒಬ್ಬರು, ನೀರು ಬಿಡುವ ಒಬ್ಬಿಬ್ಬರು. ಎಷ್ಟೋ ಕಡೆ ಅಭಿವೃದ್ಧಿ ಅಧಿಕಾರಿಗೆ ಎರಡು ಪಂಚಾಯಿತಿಗಳ ಭಾರ. ಇಲ್ಲಿದ್ದಾಗ ಅಲ್ಲಿಲ್ಲ, ಅಲ್ಲಿದ್ದಾಗ ಇಲ್ಲಿಲ್ಲ.

ಇಂಥ ಕಡೆಗೆ ಓದಿದ ಒಬ್ಬ ಬಂದರೆ ಏನಾಗುತ್ತದೆ? ನಮ್ಮ ಕಣ್ಣೆದುರಿಗೆ ನಡೆದ ಎರಡು ಸಂಗತಿ ಹೇಳುತ್ತೇವೆ. ಊರಿನ ಹೆಸರು ಬೇಡ.

ಒಂದು ಊರಿಗೆ ಒಬ್ಬ ಯುವಕ ಆರು ವಾರಕ್ಕೆಂದು ಬಂದ. ಒಳ್ಳೆಯ ಹುಡುಗ, ನಡತೆಯಲ್ಲಿ ತಪ್ಪಿಲ್ಲ. ಕೈಯಲ್ಲಿ ಅಚ್ಚು ಮಾಡಿದ ಪ್ರಶ್ನೆಗಳ ಕಂತೆ, ಎಲ್ಲವೂ ಇಂಗ್ಲಿಷಿನಲ್ಲಿ. ನೀರು ಬಿಡುವವನನ್ನು ಕಂಡು ಕೇಳಿದ: ದಿನಕ್ಕೆ ಎಷ್ಟು ತಾಸು ಪಂಪು ನಡೆಯುತ್ತದೆ, ಯಾವ ಓಣಿಗೆ ಎಷ್ಟು, ಕರೆಂಟು ಹೋದರೆ ಯಾವ ಓಣಿ ಬಿಟ್ಟುಹೋಗುತ್ತದೆ. ಆ ಮನುಷ್ಯ ಇಪ್ಪತ್ತು ವರ್ಷದಿಂದ ತಲೆಯಲ್ಲಿಟ್ಟುಕೊಂಡಿದ್ದ ಲೆಕ್ಕವನ್ನೆಲ್ಲ ಮೂರು ಸಂಜೆ ಕೂತು ಹೇಳಿದ. ಹುಡುಗ ಬರೆದುಕೊಂಡ, ಚಹಾ ಕುಡಿದ, ಕೈ ಮುಗಿದ, ಹೋದ. ವರದಿಗೆ ಕಾಲೇಜಿನಲ್ಲಿ ಒಳ್ಳೆಯ ಅಂಕ ಬಂದವಂತೆ. ಆ ವರದಿಯ ಒಂದು ಪ್ರತಿಯೂ ಪಂಚಾಯಿತಿಗೆ ಬರಲಿಲ್ಲ. ಮರುವರ್ಷದ ಬೇಸಿಗೆಯಲ್ಲಿ ಅದೇ ಓಣಿಗಳಿಗೆ ನೀರಿಲ್ಲ. ನೀರು ಬಿಡುವವ ನಮ್ಮನ್ನು ಕೇಳಿದ: "ಸಾಹೇಬ್ರ, ನಾ ಹೇಳಿದ ಲೆಕ್ಕ ಎಲ್ಲಿ ಹೋತ್ರಿ?" ನಮಗೆ ಉತ್ತರ ತೋಚಲಿಲ್ಲ. ಬಡವನ ಹೊಲದ ಬೆಳೆ ಹೊತ್ತೊಯ್ದರೆ ಕಳವು ಎನ್ನುತ್ತೇವೆ; ಅವನ ತಲೆಯಲ್ಲಿನ ತಿಳಿವನ್ನು ಹೊತ್ತೊಯ್ದರೆ ಅಧ್ಯಯನ ಎನ್ನುತ್ತೇವೆ.

ಇನ್ನೊಂದು ಊರಿಗೆ ಬಂದವಳು ಒಬ್ಬ ಹುಡುಗಿ. ಅವಳಿಗೆ ಅಧ್ಯಕ್ಷೆಯಾಗಿದ್ದ ತಾಯಿ ಒಂದೇ ಕೆಲಸ ಹೇಳಿದರು: "ನೋಡವ್ವ, ತೆರಿಗೆ ವಹಿ ಒಂದ್ ಕೈಯಾಗ ಹಿಡಿ, ಊರು ಒಂದ್ ಕೈಯಾಗ ಹಿಡಿ, ಎರಡೂ ಕೂಡತಾವೇನು ನೋಡು." ಕರ ವಸೂಲಿಗಾರನೊಡನೆ ಆ ಹುಡುಗಿ ಒಂಬತ್ತು ದಿನ ಓಣಿ ಓಣಿ ತಿರುಗಿದಳು. ಕಂಡದ್ದೇನು? ಒಳಗಿನ ಓಣಿಗಳ ತಗಡಿನ ಮನೆ, ಎರಡಂಕಣದ ಕಿರಾಣಿ ಅಂಗಡಿ, ಹಿಟ್ಟಿನ ಗಿರಣಿ, ಇವೆಲ್ಲ ನಂಬರು ಸಹಿತ ವಹಿಯಲ್ಲಿದ್ದವು, ಬಾಕಿಯೂ ಹೆಚ್ಚಿರಲಿಲ್ಲ. ರಸ್ತೆಯ ಬದಿಗೆ ಎದ್ದು ನಿಂತಿದ್ದ ದೊಡ್ಡ ಗೋದಾಮುಗಳು, ಶೆಡ್ಡುಗಳು ಮಾತ್ರ ವಹಿಯಲ್ಲಿ ಇನ್ನೂ ಖಾಲಿ ನಿವೇಶನಗಳು! ಕಟ್ಟಡ ಎದ್ದು ವರ್ಷಗಳಾಗಿದ್ದವು, ವಹಿಗೆ ಮಾತ್ರ ಸುದ್ದಿ ಮುಟ್ಟಿರಲಿಲ್ಲ. ಖಾಲಿ ಜಾಗಕ್ಕೆ ಹಾಕುವ ಪುಡಿಗಾಸಿನ ತೆರಿಗೆಯಲ್ಲಿ ಗೋದಾಮಿನ ಧಣಿಗಳು ನಿಶ್ಚಿಂತೆಯಾಗಿದ್ದರು.

ಹುಡುಗಿ ಎರಡು ಹಾಳೆ ಕನ್ನಡದಲ್ಲಿ ಬರೆದು ಗ್ರಾಮಸಭೆಯಲ್ಲಿ ನಿಂತು ಓದಿದಳು. ಸಭೆಯಲ್ಲಿ ಗದ್ದಲವೆದ್ದಿತು. "ಹೊರಗಿನವಳು ಈಕಿ ಯಾರು ಕೇಳಾಕ?" ಎಂದರು ಕೆಲವರು. ಆಗ ಒಬ್ಬ ಅಂಗಡಿಯ ಮುದುಕರು ಎದ್ದು, "ಆಕಿ ಹೊರಗಿನಾಕಿ ಖರೆ. ವಹಿ ನಮ್ಮೂರದು ಹೌದಲ್ಲೊ?" ಎಂದರು. ತೆರಿಗೆಯನ್ನು ಹೊಸದಾಗಿ ಗೊತ್ತುಮಾಡಬೇಕೆಂದು ಸಭೆ ಠರಾವು ಮಾಡಿತು. ಪೂರ್ತಿ ಗೆದ್ದೆವೆಂದು ಹೇಳಲಾರೆವು. ಕೆಲವರು ಕಟ್ಟಿದರು, ಕೆಲವರು ಮೇಲ್ಮನವಿ ಹಾಕಿ ಕೂತರು. ಆದರೆ ಆ ಎರಡು ಹಾಳೆ ಇಂದಿಗೂ ಪಂಚಾಯಿತಿಯ ಕಡತದಲ್ಲಿದೆ, ಯಾರು ಬೇಕಾದರೂ ಕೇಳಿ ನೋಡಬಹುದು. ಹುಡುಗಿಯ ಗುರುಗಳು ಮಾತ್ರ, "ಇದರಲ್ಲಿ ಸಿದ್ಧಾಂತ ಎಲ್ಲಿದೆ?" ಎಂದು ಕೇಳಿದರಂತೆ!

ಕಲ್ಯಾಣ ಇಲ್ಲಿಂದ ದೂರವಲ್ಲ. ಬಸವಣ್ಣನವರು ಬಿಜ್ಜಳನ ಭಂಡಾರಕ್ಕೆ ಒಡೆಯರಾಗುವ ಮೊದಲು ಲೆಕ್ಕ ಬರೆಯುವ ಕರಣಿಕರಾಗಿದ್ದರೆಂದು ಕಥೆ ಹೇಳುತ್ತದೆ. ಬೊಕ್ಕಸದ ಲೆಕ್ಕ ಬಲ್ಲವರು ಜನರ ಪಕ್ಷ ಹಿಡಿದರೆ ಅರಮನೆಗೆ ಎಂಥ ಇರಿಸುಮುರಿಸಾಗುತ್ತದೆಂಬುದನ್ನು ಈ ನೆಲ 12ನೆಯ ಶತಮಾನದಲ್ಲೇ ಕಂಡಿದೆ.

ಎರಡು ಊರುಗಳಿಗೂ ಬಂದವರು ಓದಿದವರೇ, ಇಬ್ಬರೂ ಒಳ್ಳೆಯವರೇ. ವ್ಯತ್ಯಾಸ ಎಲ್ಲಿ? ಮೊದಲನೆಯವನು ತನ್ನ ಕಾಲೇಜಿಗೆ ಉತ್ತರ ಹೇಳಬೇಕಾಗಿತ್ತು. ಎರಡನೆಯವಳಿಗೆ ಕೆಲಸ ಹೇಳಿದವರು ಊರು ಆರಿಸಿದ ಅಧ್ಯಕ್ಷೆ, ಅವಳ ಉತ್ತರ ಕೇಳಿದ್ದು ಗ್ರಾಮಸಭೆ. ಶಿಷ್ಯ ಯಾರ ಶಿಷ್ಯನೆಂಬುದರಿಂದಲೇ ಫಲ ಬೇರೆಯಾಯಿತು. ಜಿಲ್ಲಾ, ತಾಲ್ಲೂಕು ಮಟ್ಟದಲ್ಲಿ ಇದು ಇನ್ನೂ ತೊಡಕು. 2016ರಲ್ಲಿ ಆಯ್ಕೆಯಾದ ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳ ಅವಧಿ 2021ರಲ್ಲಿ ಮುಗಿಯಿತು. ಆಮೇಲೆ ವರ್ಷಗಟ್ಟಲೆ ಅಲ್ಲಿ ಅಧಿಕಾರಿಗಳದೇ ದರ್ಬಾರು. ಆ ವರ್ಷಗಳಲ್ಲಿ ಅಲ್ಲಿಗೆ ಬಂದ ವಿದ್ಯಾರ್ಥಿ ಜನಪ್ರತಿನಿಧಿಯ ಮುಖ ಕಾಣದೆಯೇ 'ಸ್ಥಳೀಯ ಸರ್ಕಾರ' ಕಲಿತು ಹೋದ. ಲೋಹಿಯಾರವರು ಹಳ್ಳಿ, ಜಿಲ್ಲೆ, ಪ್ರಾಂತ, ಕೇಂದ್ರ ಎಂಬ ನಾಲ್ಕು ಕಂಬಗಳ ರಾಜ್ಯವನ್ನು ಹೇಳಿದರು. ಒಂದು ಕಂಬವನ್ನು ಕಿತ್ತಿಟ್ಟು, ಮಿಕ್ಕ ಮೂರರ ಮೇಲೆ ಚಪ್ಪರ ಹೇಗೆ ನಿಲ್ಲುತ್ತದೆಂದು ಅಧ್ಯಯನ ಮಾಡಿಸುವುದು ವಿಚಿತ್ರ ಪಾಠ.

ಇನ್ನು ಕೂಲಿಯ ಮಾತು. ಗಿರಣಿಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಈಗ ಮುಚ್ಚಿಹೋಗಿರುವ ಕಲಬುರಗಿಯ ಎಂ.ಎಸ್.ಕೆ. ಗಿರಣಿಯಲ್ಲಿ ದುಡಿದವರ ಮಕ್ಕಳು ಇಲ್ಲಿ ಇದ್ದೀರಿ. ಬದಲಿ ಕಾರ್ಮಿಕನೆಂದರೇನು, ಬೆಳಗಿನ ಭೋಂಗಾ ಆದಮೇಲೆ ಗೇಟಿನ ಮುಂದೆ ನಿಂತು ಇಂದು ಕೆಲಸ ಉಂಟೋ ಇಲ್ಲವೋ ಎಂದು ಕಾಯುವುದೆಂದರೇನು, ಗೊತ್ತಿದೆ. ಕಾರ್ಖಾನೆಯಲ್ಲಿ ಕೆಲಸ ಕಲಿಯುವ ಹುಡುಗನಿಗೆ ಶಿಷ್ಯವೇತನ ಕೊಡಲೇಬೇಕೆಂದು 1961ರ ಅಪ್ರೆಂಟಿಸ್ ಕಾಯಿದೆ ಹೇಳುತ್ತದೆ. ಅದನ್ನು ಎಷ್ಟು ಮಾಲೀಕರು ನೆಟ್ಟಗೆ ನಡೆಸುತ್ತಾರೆಂಬುದು ಬೇರೆ ಮಾತು, ಕಾಯಿದೆಯಂತೂ ಇದೆ. ಕಾಲೇಜಿನ ಮೂಲಕ ಪಂಚಾಯಿತಿಗೆ ಬಂದು ಕಲಿಯುವ ವಿದ್ಯಾರ್ಥಿಗೆ ಎಷ್ಟೋ ಕಡೆ ಏನೂ ಇಲ್ಲ. ಬಸ್ಸಿನ ಖರ್ಚು, ಊಟ, ಕೋಣೆಯ ಬಾಡಿಗೆ ಎಲ್ಲ ಮನೆಯಿಂದ. ಹಾಗಾದರೆ ಬರುವವರು ಯಾರು? ಮನೆಯಿಂದ ಹಣ ತರಬಲ್ಲವರು. ಕಾರ್ಖಾನೆಯ ಕೂಲಿಯ ಮಗಳು ಹಾಲಹಳ್ಳಿಯ ಬೀದರ್ ವಿಶ್ವವಿದ್ಯಾಲಯದಲ್ಲೋ ಕಲಬುರಗಿಯಲ್ಲೋ ಎಂ.ಎ. ಓದಿದರೂ ರಜೆಯಲ್ಲಿ ದುಡಿಯಲೇಬೇಕು. ಪುಕ್ಕಟೆ ಕಲಿಯುವ ಐಷಾರಾಮ ಅವಳಿಗಿಲ್ಲ. ಉಮೇದುವಾರಿಯ ಕಥೆ ಮೊದಲಿನಿಂದ ಶುರು.

ಇನ್ನೊಂದು ಕಡೆಯಿಂದಲೂ ಅನ್ಯಾಯ ಬರಬಹುದು. ಪುಕ್ಕಟೆ ಬಂದ ವಿದ್ಯಾರ್ಥಿಯನ್ನು ಗಣಕಯಂತ್ರದ ಮುಂದೆ ಕೂರಿಸಿ, ಖಾಲಿ ಹುದ್ದೆಯನ್ನು ಖಾಲಿಯಾಗಿಯೇ ಇಟ್ಟರೆ, ಅದು ನಮ್ಮೂರ ಒಬ್ಬನ ಅನ್ನ ಕಿತ್ತಂತೆ. ಕಲಿಯಲು ಬಂದವನಿಂದ ಕಾಯಂ ಕೆಲಸ ಮಾಡಿಸಬಾರದು. ಕಾಯಂ ಕೆಲಸಕ್ಕೆ ಕಾಯಂ ಮನುಷ್ಯ, ಪೂರ್ತಿ ಸಂಬಳ.

ಕೇರಳದಲ್ಲಿ 1996ರಲ್ಲಿ ಜನಯೋಜನೆ ಶುರುವಾದಾಗ ಪಂಚಾಯಿತಿಗಳ ಕೈಗೆ ಒಮ್ಮೆಲೇ ದೊಡ್ಡ ಹಣ ಬಂತು. ಯೋಜನೆಗಳನ್ನು ಪರಿಶೀಲಿಸಲು ಇಂಜಿನಿಯರುಗಳು ಸಾಲಲಿಲ್ಲ. ಅವರು ನಿವೃತ್ತರಾದ ಇಂಜಿನಿಯರು, ಅಧ್ಯಾಪಕ, ಬಲ್ಲವರನ್ನೆಲ್ಲ ಕೂಡಿಸಿ ಸ್ವಯಂಸೇವಕ ತಾಂತ್ರಿಕ ದಳ ಕಟ್ಟಿದರು. ಅಲ್ಲಿ ಮೊದಲು ಹಣವೂ ಅಧಿಕಾರವೂ ಕೆಳಗಿಳಿಯಿತು, ವಿದ್ಯಾವಂತರು ಹಿಂದಿನಿಂದ ಬಂದರು. ನಮ್ಮಲ್ಲಿ ವಿದ್ಯಾವಂತರು ಮೊದಲು ಇಳಿಯುತ್ತಿದ್ದಾರೆ. ಹಣದ ಬಸ್ಸು ಇನ್ನೂ ಬೆಂಗಳೂರಿನ ನಿಲ್ದಾಣದಲ್ಲೇ ನಿಂತಿದೆ.

ಆದ್ದರಿಂದ ಬೇಡವೆಂದು ಬಾಗಿಲು ಹಾಕೋಣವೆ? ಕೂಡದು. ಬರಲಿ. ಆದರೆ ಬರುವವರಿಗೆ ಕೆಲಸವನ್ನು ಪಂಚಾಯಿತಿಯ ಸಭೆಯಲ್ಲಿ ಗೊತ್ತುಮಾಡಲಿ. ಬರೆದದ್ದನ್ನು ಹೋಗುವ ಮುಂಚೆ ಗ್ರಾಮಸಭೆಯಲ್ಲಿ ಓದಲಿ, ಕನ್ನಡದಲ್ಲಿ. ನಮ್ಮಲ್ಲಿ ಉರ್ದು, ಮರಾಠಿ, ಲಂಬಾಣಿ ಆಡುವವರೂ ಇದ್ದಾರೆ, ಅವರಿಗೆ ಬಾಯಿಮಾತಿನಲ್ಲಾದರೂ ತಿಳಿಸಲಿ. ಶಿಷ್ಯವೇತನವನ್ನು ಸರ್ಕಾರವೋ ವಿಶ್ವವಿದ್ಯಾಲಯವೋ ಕೊಡಲಿ, ಪಂಚಾಯಿತಿಯ ಬಡ ಗಂಟಿನಿಂದ ಬೇಡ. ಮತ್ತು ನಮ್ಮ ತಾಲ್ಲೂಕಿನ ಮಕ್ಕಳಿಗೆ ಇದರಲ್ಲಿ ಒಂದು ಪಾಲು ಮೀಸಲಿರಲಿ. ಸಂವಿಧಾನದ 371(ಜೆ) ವಿಧಿಯಿಂದ ಓದಿಗೆ, ಸರ್ಕಾರಿ ನೌಕರಿಗೆ ಮೀಸಲಾತಿ ಸಿಕ್ಕಿತು. ನೌಕರಿಯ ದಾರಿಯ ಮೊದಲ ಮೆಟ್ಟಿಲಾದ ಈ ತರಬೇತಿಗೂ ಅದೇ ನ್ಯಾಯ ಸಲ್ಲಬೇಕು.

ವ್ಯಾಪಾರಿ ಬಂಧುಗಳಿಗೆ ಒಂದು ಮಾತು. ತೆರಿಗೆಯ ವಹಿ ನೋಡಲು ಹುಡುಗ ಬಂದರೆ ಹೆದರಿ ಬಾಗಿಲು ಹಾಕಬೇಡಿ. ಸಣ್ಣವರ ಲೆಕ್ಕ ವಹಿಯಲ್ಲಿ ಈಗಾಗಲೇ ಇದೆ. ಇಲ್ಲದಿರುವುದು ದೊಡ್ಡವರದು.

ಗ್ರಾಮಸಭೆ ಆರು ತಿಂಗಳಿಗೊಮ್ಮೆಯಾದರೂ ಸೇರಲೇಬೇಕೆಂದು ಕಾನೂನಿದೆ. ಪಂಚಾಯಿತಿಯ ಲೆಕ್ಕವನ್ನು ಜನರ ಮುಂದೆ ಬಿಚ್ಚುವ ಜಮಾಬಂದಿ ವರ್ಷಕ್ಕೊಮ್ಮೆ ನಡೆಯಬೇಕು. ನಾವು ಹೇಳಿದ ಈ ಬೇಡಿಕೆಗಳನ್ನು ಒಂದು ಹಾಳೆಯಲ್ಲಿ ಬರೆದು ತಂದಿದ್ದೇವೆ. ಸಹಿ ಬಲ್ಲವರು ಸಹಿ ಹಾಕಿ, ಬಾರದವರು ಹೆಬ್ಬೆಟ್ಟು ಒತ್ತಿ. ರಾತ್ರಿ ಪಾಳಿಗೆ ಹೋಗುವವರು ಮೊದಲು ಮುಂದೆ ಬರಲಿ, ಅವರಿಗೆ ಬಸ್ಸಿನ ಹೊತ್ತಾಗಿದೆ.