ಹಸಿರು ಪಟ್ಟಿಯ ತಾಯಿ



ವಿಶ್ವ ಪರಿಸರ ದಿನ ಬಂತೆಂದರೆ ನಮ್ಮ ಶಾಲಾ ಕಾಲೇಜುಗಳಲ್ಲಿ ಗುಂಡಿ ತೋಡಿಸಿ, ಗಣ್ಯರೊಬ್ಬರ ಕೈಯಿಂದ ಸಸಿ ನೆಡಿಸಿ, ಫೋಟೋ ತೆಗೆಸಿಕೊಳ್ಳುವುದು ವಾಡಿಕೆ. ಆ ಸಸಿ ಮುಂದಿನ ಜೂನ್ ತಿಂಗಳವರೆಗೆ ಬದುಕಿರುತ್ತದೆಯೇ ಎಂದು ಕೇಳುವವರು ಕಡಿಮೆ. 1977ರ ಜೂನ್ 5ರಂದು ಪೂರ್ವ ಆಫ್ರಿಕದ ಕೀನ್ಯಾ ದೇಶದ ರಾಜಧಾನಿ ನೈರೋಬಿಯಲ್ಲಿ, ಕಾಮುಕುಂಜಿ ಎಂಬ ಉದ್ಯಾನದಲ್ಲಿಯೂ ಇಂಥದೇ ಒಂದು ಸಮಾರಂಭ ನಡೆಯಿತು. ಏಳು ಸಸಿಗಳನ್ನು ನೆಟ್ಟರು. ಐದು ಸತ್ತವು, ಎರಡು ಉಳಿದವು. ಆದರೆ ಅಂದು ಮೊದಲಾದ 'ಗ್ರೀನ್ ಬೆಲ್ಟ್ ಮೂವ್‌ಮೆಂಟ್' ಎಂಬ ಸಂಸ್ಥೆ ತನ್ನ ಲೆಕ್ಕದಂತೆ ಈವರೆಗೆ ಐದು ಕೋಟಿಗೂ ಹೆಚ್ಚು ಮರಗಳನ್ನು ನೆಟ್ಟಿದೆ. ಏಳರಲ್ಲಿ ಐದು ಸತ್ತದ್ದರಿಂದ ಯಾರೂ ಕೈ ಚೆಲ್ಲಿ ಕೂರಲಿಲ್ಲ ಎಂದಾಯಿತು.

ಈ ಸಂಸ್ಥೆಯನ್ನು ಕಟ್ಟಿದವರು ವಂಗಾರಿ ಮಾತಾಯಿ. ಆಗ ಅವರಿಗೆ 37 ವರ್ಷ. ಮೂರು ಚಿಕ್ಕ ಮಕ್ಕಳ ತಾಯಿ. ನೈರೋಬಿ ವಿಶ್ವವಿದ್ಯಾಲಯದಲ್ಲಿ ಪಶುವೈದ್ಯ ಅಂಗರಚನಾ ಶಾಸ್ತ್ರದ ಅಧ್ಯಾಪಕಿ. 1971ರಲ್ಲಿ ಅವರು ಡಾಕ್ಟರೇಟ್ ಪಡೆದಾಗ ಪೂರ್ವ ಮತ್ತು ಮಧ್ಯ ಆಫ್ರಿಕದಲ್ಲಿ ಆ ಪದವಿ ಪಡೆದ ಮೊದಲ ಮಹಿಳೆ ಎನಿಸಿದರು. ಅದಕ್ಕೂ ಮೊದಲು, 1960ರಲ್ಲಿ, ಕೀನ್ಯಾದ ನೂರಾರು ತರುಣರೊಂದಿಗೆ ವಿದ್ಯಾರ್ಥಿವೇತನದ ಮೇಲೆ ಅಮೆರಿಕಕ್ಕೆ ಹೋಗಿ ಜೀವವಿಜ್ಞಾನ ಓದಿ ಬಂದವರು.

ವಂಗಾರಿ ಹುಟ್ಟಿದ್ದು 1940ರಲ್ಲಿ, ನ್ಯೇರಿ ಪ್ರಾಂತದ ಇಹಿಥೆ ಎಂಬ ಹಳ್ಳಿಯಲ್ಲಿ. ಮನೆಯ ಬಳಿ ಒಂದು ದೊಡ್ಡ ಮುಗುಮೋ ಮರವಿತ್ತು. ನಮ್ಮ ಆಲ, ಅರಳಿ, ಅತ್ತಿಗಳ ಕುಲಕ್ಕೆ ಸೇರಿದ ಮರ ಅದು. ಅದು ದೇವರ ಮರ, ಅದರ ಒಣ ಕಡ್ಡಿಯನ್ನೂ ಸೌದೆಗೆ ತರಬೇಡ ಎಂದು ತಾಯಿ ಮಗಳಿಗೆ ಹೇಳಿದ್ದರು. ಅದರ ಹತ್ತಿರವೇ ಒಂದು ಒರತೆ. ಹುಡುಗಿ ಅಲ್ಲಿ ಕಪ್ಪೆಯ ಮೊಟ್ಟೆಗಳೊಡನೆ ಆಡುತ್ತಿದ್ದಳು. ಅಮೆರಿಕದಿಂದ ಮರಳಿ ಬಂದು ನೋಡಿದರೆ ಮರ ಕಡಿದಿದ್ದರು, ಒರತೆ ಬತ್ತಿತ್ತು. ಆಳಕ್ಕೆ ಇಳಿಯುವ ಬೇರುಗಳು ಮಣ್ಣನ್ನು ಹಿಡಿದು ನೀರಿಗೆ ದಾರಿ ಮಾಡಿಕೊಡುತ್ತಿದ್ದವೆಂಬುದು ಆಗ ಅವರಿಗೆ ಹೊಳೆಯಿತು. ದೇವರ ಮರ ಎಂಬ ಮಾತಿನ ಒಳಗೆ ಒಂದು ವಿಜ್ಞಾನವೂ ಅಡಗಿತ್ತು. ನಮ್ಮಲ್ಲಿ ದೇವರಕಾಡುಗಳನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆದರೆ ಸಂಸ್ಥೆ ಹುಟ್ಟಿದ್ದು ಈ ನೆನಪಿನಿಂದಲ್ಲ, ಅಡುಗೆಮನೆಯ ಕಷ್ಟದಿಂದ. 1975ರಲ್ಲಿ ಮೆಕ್ಸಿಕೊ ನಗರದಲ್ಲಿ ವಿಶ್ವಸಂಸ್ಥೆಯ ಮೊದಲ ಮಹಿಳಾ ಸಮ್ಮೇಳನ ನಡೆಯಿತು. ಅದರ ಸಿದ್ಧತೆಗಾಗಿ ಕೀನ್ಯಾದ ರಾಷ್ಟ್ರೀಯ ಮಹಿಳಾ ಮಂಡಳಿ ಹಳ್ಳಿಯ ಹೆಂಗಸರ ಮಾತನ್ನು ಆಲಿಸಿತು. ಸೌದೆ ಸಿಗುವುದಿಲ್ಲ, ನೀರು ಶುದ್ಧವಿಲ್ಲ, ಮಕ್ಕಳಿಗೆ ಪುಷ್ಟಿಯಾದ ಊಟವಿಲ್ಲ ಎಂದರು ಅವರು. ಮೂರು ಬೇರೆ ಬೇರೆ ದೂರುಗಳಂತೆ ಕೇಳಿಸುತ್ತವೆ, ಅಲ್ಲವೇ? ವಂಗಾರಿಯವರು ಇವನ್ನು ಒಂದೇ ಸರಪಣಿಯಾಗಿ ಕಂಡರು. ಬೆಟ್ಟದ ಕಾಡು ಕಡಿದು ಕಾಫಿ, ಚಹಾ ಬೆಳೆಸಿದರು. ಸೌದೆ ದೂರವಾಯಿತು. ಸೌದೆ ಇಲ್ಲದ ತಾಯಿ ಬಹಳ ಹೊತ್ತು ಬೇಯಬೇಕಾದ ಕಾಳುಗಳನ್ನು ಬಿಟ್ಟು, ಬೇಗ ಬೇಯುವ, ಸತ್ತ್ವ ಕಡಿಮೆಯಾದ ಪದಾರ್ಥಗಳನ್ನು ಒಲೆಗೆ ಏರಿಸಿದಳು. ಮಕ್ಕಳು ಸೊರಗಿದರು. ಮರವಿಲ್ಲದ ಇಳಿಜಾರಿನ ಮಣ್ಣು ಮಳೆಗೆ ಕೊಚ್ಚಿ ನದಿ ಸೇರಿತು; ನೀರು ಕೆಂಪಾಯಿತು. ಜಾನುವಾರುಗಳ ಉಣ್ಣೆ ರೋಗದ ಸಂಶೋಧನೆಗೆಂದು ಹಳ್ಳಿಗಳನ್ನು ಸುತ್ತುವಾಗ ಬಡಕಲು ಹಸುಗಳನ್ನೂ ಆ ಕೆಂಪು ನದಿಗಳನ್ನೂ ಅವರು ಕಣ್ಣಾರೆ ಕಂಡಿದ್ದರು. ಹಾಗಾದರೆ ಮರ ನೆಡಬಾರದೇಕೆ ಎಂಬುದು ಅವರಿಗೆ ತೋಚಿದ ಉತ್ತರ.

ಉತ್ತರ ಸರಳ, ಕೆಲಸ ಸರಳವಲ್ಲ. ಮರ ಬೆಳೆಸಲು ಡಿಪ್ಲೊಮಾ ಬೇಕು, ಹಳ್ಳಿಯ ಹೆಂಗಸರಿಂದ ಆಗದು ಎಂದರು ಅರಣ್ಯಾಧಿಕಾರಿಗಳು. ಬೀಜ ಬಿತ್ತಿ ಕಾಳು ತೆಗೆಯುವುದನ್ನು ಹುಟ್ಟಾ ಬಲ್ಲ ಹೆಂಗಸರು ಅವರೆಲ್ಲ! ಒಡೆದ ಮಡಕೆಗಳಲ್ಲಿ ಮಣ್ಣು ತುಂಬಿ ಬೀಜ ಹಾಕಿದರು. ಕೋಳಿ, ಆಡು ಬಾಯಿ ಹಾಕದಂತೆ ಎತ್ತರದಲ್ಲಿ ಇಟ್ಟರು. ತಮ್ಮ ಊರಿನ ಮರಗಳು ಯಾವಾಗ ಬೀಜ ಉದುರಿಸುತ್ತವೆ ಎಂಬುದನ್ನು ಗಮನಿಸಿ ಆಯ್ದು ತಂದರು. ಮುಂದೆ ಇವರಿಗೆ ಡಿಪ್ಲೊಮಾ ಇಲ್ಲದ ಅರಣ್ಯಾಧಿಕಾರಿಗಳು ಎಂಬ ಹೆಸರೇ ಬಂತು. ಸಾವಿರ ಸಸಿಗೆ ಕಡಿಮೆಯಿಲ್ಲದಂತೆ ಸಾಲಾಗಿ ನೆಟ್ಟು ಊರಿನ ಸುತ್ತ ಹಸಿರು ಪಟ್ಟಿ ಮಾಡುವುದು ಯೋಜನೆ. ಸಂಸ್ಥೆಯ ಹೆಸರು ಬಂದದ್ದೂ ಅದರಿಂದಲೇ. ಹೆಂಗಸರಿಗೆ ಅಲ್ಪ ಹಣವೂ ಸಿಗುತ್ತಿತ್ತು, ಒಂದು ಸಸಿಗೆ ಅಮೆರಿಕದ ನಾಲ್ಕು ಸೆಂಟಿನಷ್ಟು. ಆದರೆ ನೆಟ್ಟ ಸಸಿಗಲ್ಲ, ಬದುಕಿ ಉಳಿದ ಸಸಿಗೆ. ನನ್ನ ಮಟ್ಟಿಗೆ ಇಡೀ ಚಳವಳಿಯ ಜಾಣತನ ಈ ಒಂದು ನಿಯಮದಲ್ಲಿದೆ.

ಈಗ ಮನೆಯ ಕಡೆ ನೋಡೋಣ. ಮರ ನೆಡಲಾರಂಭಿಸಿದ ವರ್ಷವೇ ಪತಿ ಮನೆ ಬಿಟ್ಟು ಹೋದರು. 1979ರಲ್ಲಿ ನ್ಯಾಯಾಲಯ ವಿಚ್ಛೇದನ ನೀಡಿತು. ತೀರ್ಪು ನೀಡಿದ ನ್ಯಾಯಾಧೀಶರನ್ನು ಪತ್ರಿಕಾ ಸಂದರ್ಶನದಲ್ಲಿ ಟೀಕಿಸಿದ್ದಕ್ಕಾಗಿ ವಂಗಾರಿಯವರಿಗೆ ಆರು ತಿಂಗಳ ಸೆರೆವಾಸದ ಶಿಕ್ಷೆಯಾಗಿ, ಮೂರು ದಿನಗಳ ನಂತರ ಬಿಡುಗಡೆಯಾಯಿತು. ತನ್ನ ಅಡ್ಡಹೆಸರು ಬಳಸಕೂಡದೆಂದು ಪತಿ ಹಟ ಹಿಡಿದಾಗ ಅವರು ಹೆಸರು ಬಿಡಲಿಲ್ಲ. ಇಂಗ್ಲಿಷ್ ಕಾಗುಣಿತದಲ್ಲಿ ಇನ್ನೊಂದು 'ಎ' ಸೇರಿಸಿದರು. 'ಮತಾಯಿ' ಇದ್ದದ್ದು 'ಮಾತಾಯಿ' ಆಯಿತು. ಆ ದೀರ್ಘದ ಪಕ್ಕದಲ್ಲಿ ಕನ್ನಡದ ಕಿವಿಗೆ 'ತಾಯಿ' ಕೇಳಿಸಿದರೆ ಅದು ಕೇವಲ ಆಕಸ್ಮಿಕ!

ಹಣದ ಮುಗ್ಗಟ್ಟು ಬಂದಾಗ ಪ್ರವಾಸ ಬೇಡುವ ಹೊರಗಿನ ಕೆಲಸವೊಂದನ್ನು ಹಿಡಿಯಬೇಕಾಯಿತು. ಆಗ ಮಕ್ಕಳನ್ನು ಅವರ ತಂದೆಯ ಮನೆಯಲ್ಲಿ ಬಿಟ್ಟರು. ಮಕ್ಕಳು 1985ರವರೆಗೆ ಅಲ್ಲಿಯೇ ಬೆಳೆದರು, ತಾಯಿ ಹೋಗಿ ಬಂದು ನೋಡಿಕೊಳ್ಳುತ್ತಿದ್ದರು. ಸಾಧಕಿಯರ ಜೀವನಚರಿತ್ರೆ ಬರೆಯುವವರು ಇಂಥ ಸಂಗತಿಯನ್ನು ಒಂದು ಸಾಲಿನಲ್ಲಿ ದಾಟಿಬಿಡುತ್ತಾರೆ. ದಾಟಬಾರದು. ಲಕ್ಷಾಂತರ ಸಸಿಗಳ ಲೆಕ್ಕದ ಜೊತೆಗೆ ಆ ವರ್ಷಗಳನ್ನೂ ಬರೆದಿಡಬೇಕು. ಇದೇ ಕೆಲಸವನ್ನು ಗಂಡಸೊಬ್ಬ ಮಾಡಿದ್ದರೆ ಮಕ್ಕಳು ಎಲ್ಲಿದ್ದರು ಎಂದು ಯಾರಾದರೂ ಕೇಳುತ್ತಿದ್ದರೇ ಎಂಬ ಪ್ರಶ್ನೆಯೂ ಅದರ ಪಕ್ಕದಲ್ಲಿರಲಿ.

1989ರಲ್ಲಿ ನೈರೋಬಿಯ ಉಹುರು ಉದ್ಯಾನದಲ್ಲಿ ಅರವತ್ತು ಅಂತಸ್ತಿನ ಕಟ್ಟಡ ಕಟ್ಟಲು ಆಳುವ ಪಕ್ಷ ಹೊರಟಿತು. ವಂಗಾರಿ ಪತ್ರ ಬರೆದು ವಿರೋಧಿಸಿದರು. ಸಂಸತ್ತಿನಲ್ಲಿ ಇವರ ಸಂಸ್ಥೆಯನ್ನು ಗಂಡ ಬಿಟ್ಟವರ ಗುಂಪು ಎಂದು ಹಂಗಿಸಿದರು. ಸರ್ಕಾರಿ ಕಟ್ಟಡದಲ್ಲಿದ್ದ ಕಚೇರಿಯನ್ನು ತೆರವು ಮಾಡಿಸಿದಾಗ ಅದನ್ನು ತಮ್ಮ ಮನೆಗೇ ತಂದರು. ಕೊನೆಗೆ ಹಣ ಹೂಡುವವರು ಹಿಂದೆ ಸರಿದು ಆ ಕಟ್ಟಡ ನಿಂತುಹೋಯಿತು.

ಅದೇ ಉದ್ಯಾನಕ್ಕೆ 1992ರ ಫೆಬ್ರುವರಿಯಲ್ಲಿ ಬೇರೆ ತಾಯಂದಿರು ಬಂದರು. ರಾಜಕೀಯ ಕಾರಣಕ್ಕೆ ಜೈಲು ಸೇರಿದ್ದ ಗಂಡುಮಕ್ಕಳ ತಾಯಂದಿರು, ಬಹುಪಾಲು ವಯಸ್ಸಾದವರು. ವಂಗಾರಿಯವರೂ ಸೇರಿ ಉಪವಾಸ ಕುಳಿತರು. ಮಾರ್ಚ್ 3ರಂದು ಪೊಲೀಸರು ಲಾಠಿ ಬೀಸಿದರು; ವಂಗಾರಿ ಪ್ರಜ್ಞೆ ತಪ್ಪಿ ಬಿದ್ದರು. ಕೆಲವು ವೃದ್ಧೆಯರು ತಮ್ಮ ಉಡುಪನ್ನು ತಾವೇ ಕಳಚಿ ನಿಂತರು. ತಾಯಿ ಹಾಗೆ ನಿಲ್ಲುವುದು ಎದುರಿನವನಿಗೆ ಶಾಪ ಎಂಬುದು ಅಲ್ಲಿಯ ನಂಬಿಕೆ. ಆಮೇಲೆ ಅವರು ಹತ್ತಿರದ ಚರ್ಚಿಗೆ ಹೋಗಿ ತಿಂಗಳುಗಟ್ಟಲೆ ಅಲ್ಲಿ ಕುಳಿತರು. 1993ರ ಆರಂಭದ ವೇಳೆಗೆ ಬಹುತೇಕ ಎಲ್ಲ ಮಕ್ಕಳೂ ಬಿಡುಗಡೆ ಹೊಂದಿದರು. ಮರ ನೆಡುವ ಸಂಸ್ಥೆಗೂ ಜೈಲಿನ ಹುಡುಗರಿಗೂ ಏನು ಸಂಬಂಧ ಎಂದು ನೀವು ಕೇಳಬಹುದು. ಪ್ರಶ್ನಿಸಿದವರನ್ನು ಸೆರೆಗೆ ತಳ್ಳುವ ದೇಶದಲ್ಲಿ ಕಾಡು ಉಳಿಯುವುದಿಲ್ಲ ಎಂಬುದು ಅವರ ಅನುಭವವಾಗಿತ್ತು.

2002ರಲ್ಲಿ ಸಂಸತ್ತಿಗೆ ಆಯ್ಕೆ, ಮರುವರ್ಷ ಪರಿಸರ ಖಾತೆಯ ಸಹಾಯಕ ಮಂತ್ರಿ ಪದವಿ, 2004ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿ. ಅದನ್ನು ಪಡೆದ ಮೊದಲ ಆಫ್ರಿಕನ್ ಮಹಿಳೆ ಅವರು. ಭಾರತವೂ 2006ರ ಇಂದಿರಾ ಗಾಂಧಿ ಶಾಂತಿ ಪ್ರಶಸ್ತಿಯನ್ನು ಅವರಿಗೆ ನೀಡಿತು. 2011ರ ಸೆಪ್ಟೆಂಬರ್ 25ರಂದು ಕ್ಯಾನ್ಸರ್‌ನಿಂದ ತೀರಿಕೊಂಡರು. ತಮಗಾಗಿ ಮರ ಕಡಿಯಬಾರದೆಂದು ಮೊದಲೇ ಹೇಳಿದ್ದರಿಂದ, ಶವಪೆಟ್ಟಿಗೆಯನ್ನು ಬಿದಿರು, ಜಂಬು ಹುಲ್ಲಿನ ಜಾತಿಯ ಪಪೈರಸ್ ಮತ್ತು ಕೆರೆಗಳಲ್ಲಿ ಹಬ್ಬುವ ವಾಟರ್ ಹಯಸಿಂತ್ ಕಳೆಯಿಂದ ಹೆಣೆದರು.

ಮಗಳು ವಂಜೀರಾ ಜೀವವಿಜ್ಞಾನ, ಸಾರ್ವಜನಿಕ ಆರೋಗ್ಯ ಓದಿ, ಅಮೆರಿಕದಲ್ಲಿ ರೋಗ ನಿಯಂತ್ರಣದ ಕೆಲಸ ಮಾಡಿ, ಊರಿಗೆ ಮರಳಿ ತಾಯಿಯ ಸಂಸ್ಥೆ ಸೇರಿದವರು. ತಾಯಿಯ ನಂತರ ಅದರ ಮುಂದಾಳತ್ವ ವಹಿಸಿದರು. ಅವರೂ ತಾಯಿ. ಸಂಸ್ಥೆಯ ಹೊರಗೆ ಅವರು ಕೈಗೆತ್ತಿಕೊಂಡ ಕೆಲಸಗಳಲ್ಲಿ ಒಂದು, ಕಡಿಮೆ ಸೌದೆ ಬೇಡುವ ಒಲೆಗಳನ್ನೂ ಸೌರದೀಪಗಳನ್ನೂ ಹಳ್ಳಿಯ ಹೆಂಗಸರೇ ಮಾರುವ ಉದ್ಯಮಕ್ಕೆ ಬೆಂಬಲ ನೀಡುವುದು. 1975ರಲ್ಲಿ ಹೆಂಗಸರು ಹೇಳಿದ ಮೊದಲ ದೂರು ಸೌದೆಯದೇ ಆಗಿತ್ತಲ್ಲ. ಮಗಳು ಆ ದೂರನ್ನು ಒಲೆಯ ಕಡೆಯಿಂದ ಹಿಡಿದಿದ್ದಾರೆ.